ಸೇರು ಹೋಗಿ ಕಿಲೋ ಬಂದದ್ದು ಬ್ರಿಟಿಷರಿಂದಲೇ?

ಸೇರು, ಪಾವು, ತೊಲ, ಮೊಳ ನಮ್ಮ ಪೂರ್ವಜರ ವೈಜ್ಞಾನಿಕ ಅಳತೆಗಳು. ಬ್ರಿಟಿಷರು ಅವನ್ನೆಲ್ಲ ಅಳಿಸಿ ಕಿಲೋ, ಲೀಟರ್, ಮೀಟರ್‌ಗಳನ್ನು ನಮ್ಮ ಮೇಲೆ ಹೇರಿದರು. ಈ ಅರ್ಥದ ಸಂದೇಶಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಬರುತ್ತಿರುತ್ತವೆ. ನೀವೂ ಒಂದನ್ನು ಫಾರ್ವರ್ಡ್ ಮಾಡಿರಬಹುದು. ಇದರ ಮೊದಲರ್ಧದಲ್ಲಿ ಸ್ವಲ್ಪ ನಿಜವಿದೆ. ಎರಡನೆಯ ಅರ್ಧ ಪೂರ್ತಿ ಸುಳ್ಳು.

ಬ್ರಿಟಿಷರು ಬಳಸುತ್ತಿದ್ದದ್ದು ಪೌಂಡ್, ಅಡಿ, ಮೈಲಿ, ಗ್ಯಾಲನ್. ಭಾರತದಲ್ಲಿ ಮೆಟ್ರಿಕ್ ಪದ್ಧತಿಯನ್ನು ತಂದ ಕಾನೂನು 1956ರದ್ದು, ಅಂದರೆ ಸ್ವಾತಂತ್ರ್ಯ ಬಂದು ಒಂಬತ್ತು ವರ್ಷಗಳ ನಂತರ ನಮ್ಮದೇ ಸಂಸತ್ತು ಮಾಡಿದ್ದು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ಅದಕ್ಕೂ ಮೊದಲು ಒಂದು ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಮಕ್ಕಳು ಇದನ್ನೆಲ್ಲ ಬಾಯಿಪಾಠ ಮಾಡಬೇಕಿತ್ತು. 1958ರ ಅಕ್ಟೋಬರ್‌ನಿಂದ ಕಿಲೋ ಬಟ್ಟುಗಳು ಹಂತಹಂತವಾಗಿ ಅಂಗಡಿಗಳಿಗೆ ಬಂದವು. ಬ್ರಿಟನ್ ತನ್ನ ಹಣವನ್ನು ದಶಮಾಂಶಕ್ಕೆ ಬದಲಿಸಿದ್ದು 1971ರಲ್ಲಿ, ನಮಗಿಂತ ಸುಮಾರು 14 ವರ್ಷ ತಡವಾಗಿ. ಅಲ್ಲಿನ ರಸ್ತೆ ಫಲಕಗಳಲ್ಲಿ ಇಂದಿಗೂ ಮೈಲಿಯೇ ಇದೆ.

ತಮಾಷೆಯೆಂದರೆ, ಬ್ರಿಟಿಷರ ಕೈವಾಡ ಇರುವುದು ಈ ಸಂದೇಶಗಳು ಹೊಗಳುವ ತೊಲದಲ್ಲೇ. ತೊಲ ಎಂಬ ಹೆಸರು ಹಳೆಯದು, ನಿಜ. ಆದರೆ ಅದನ್ನು 180 ಗ್ರೇನ್, ಅಂದರೆ ಸುಮಾರು 11.66 ಗ್ರಾಂ ಎಂದು ನಿಗದಿ ಮಾಡಿದ್ದು 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿ. ಅದರ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ ಎಂದು ಅಜ್ಜ ಹೇಳುವ ಲೆಕ್ಕ ಅದೇ ಕೋಷ್ಟಕದ್ದು. ಗುಂಟೆಯದೂ ಹೆಚ್ಚುಕಡಿಮೆ ಇದೇ ಕಥೆ. 33 ಅಡಿ ಉದ್ದ, 33 ಅಡಿ ಅಗಲವಿದ್ದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಎಕರೆಯೂ ಅಡಿಯೂ ಇಂಗ್ಲೆಂಡಿನವು.

ಹಾಗಾದರೆ ಮೆಟ್ರಿಕ್ ಎಲ್ಲಿಯದು? ಫ್ರಾನ್ಸಿನದು. ಅಲ್ಲಿ ಊರಿಗೊಂದು ಅಳತೆ ಇತ್ತು, ಜಮೀನ್ದಾರ ರೈತನಿಂದ ಧಾನ್ಯ ಅಳೆಸಿಕೊಳ್ಳುತ್ತಿದ್ದದ್ದು ತನ್ನದೇ ಪಾತ್ರೆಯಲ್ಲಿ. 1789ರ ಕ್ರಾಂತಿಯ ಹೊತ್ತಿಗೆ ಜನ ಸಲ್ಲಿಸಿದ ದೂರುಗಳಲ್ಲಿ ಇದೂ ಒಂದಾಗಿತ್ತು. ಯಾವ ರಾಜನ ಅಳತೆಯೂ ಬೇಡ, ಭೂಮಿಯನ್ನೇ ಅಳೆಯೋಣ ಎಂದು ಹೊರಟವರು ದೆಲಾಂಬ್ರ್ ಮತ್ತು ಮೆಶೆನ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು. 1792ರಿಂದ ಅವರು ಡಂಕರ್ಕ್‌ನಿಂದ ಬಾರ್ಸಿಲೋನಾವರೆಗೆ ವರ್ಷಗಟ್ಟಲೆ ಸರ್ವೆ ಮಾಡಿದರು. ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಒಂದು ಕೋಟಿಯಲ್ಲಿ ಒಂದು ಭಾಗವೇ ಮೀಟರ್ ಎಂದಾಯಿತು. ಲೆಕ್ಕದಲ್ಲಿ ಸುಮಾರು 0.2 ಮಿಲಿಮೀಟರ್ ಕಡಿಮೆ ಬಿತ್ತು, ಆ ಮಾತು ಬೇರೆ. ಫ್ರಾನ್ಸಿನ ಜನವೇನೂ ಇದನ್ನು ಖುಷಿಯಿಂದ ಒಪ್ಪಲಿಲ್ಲ. 1812ರಲ್ಲಿ ನೆಪೋಲಿಯನ್ ಹಳೆಯ ಹೆಸರುಗಳನ್ನು ಮತ್ತೆ ಬಳಸಲು ಬಿಟ್ಟ. ಮೆಟ್ರಿಕ್ ಮತ್ತೆ ಕಡ್ಡಾಯವಾದದ್ದು 1840ರಲ್ಲಿ.

ನಮ್ಮಲ್ಲೂ ಸಮಸ್ಯೆ ಅದೇ ಇತ್ತು. ಮದ್ರಾಸಿನ ಮಣ ಸುಮಾರು 11.3 ಕಿಲೋ, ಬಾಂಬೆಯದು 12.7, ಬಂಗಾಳದ್ದು 37.3. ಆಗ ಧಾರವಾಡ ಬಾಂಬೆ ಪ್ರಾಂತ್ಯದಲ್ಲಿತ್ತು, ಬಳ್ಳಾರಿ ಮತ್ತು ಮಂಗಳೂರು ಮದ್ರಾಸಿನಲ್ಲಿದ್ದವು, ಮೈಸೂರು ಪ್ರತ್ಯೇಕ ಸಂಸ್ಥಾನ. ಹೀಗಾಗಿ ಕನ್ನಡಿಗರ ನಡುವೆಯೇ ಒಂದು ಮಣ ಎಂದರೆ ಎಷ್ಟು ಎಂಬುದಕ್ಕೆ ಒಂದೇ ಉತ್ತರವಿರಲಿಲ್ಲ. ಸೇರಂತೂ ಕೆಲವು ಕಡೆ ತೂಕ, ಕೆಲವು ಕಡೆ ಪಾತ್ರೆ. ಪಾತ್ರೆಯಾದರೆ ಗೋಪುರದಂತೆ ತುಂಬಿ ಅಳೆಯಬೇಕೋ, ಅಂಚಿಗೆ ಸವರಿ ಅಳೆಯಬೇಕೋ ಎಂಬುದು ಅಳೆಯುವ ಕೈಗೆ ಬಿಟ್ಟದ್ದು. ರೈತ ಮಾರುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು ಆಗಲು ಇಷ್ಟು ಸಾಕು.

ಇನ್ನು ಸಂದೇಶದ ನಿಜವಾದ ಭಾಗ. ಹಳೆಯ ಅಳತೆಗಳ ಹಿಂದೆ ಜಾಣತನವಿದೆ. ಸೇರನ್ನು ಅರ್ಧ ಮಾಡಿದರೆ ಅಚ್ಚೇರು, ಮತ್ತೆ ಅರ್ಧ ಮಾಡಿದರೆ ಪಾವು, ಇನ್ನೂ ಎರಡು ಸಲ ಅರ್ಧ ಮಾಡಿದರೆ ಚಟಾಕು. ತಕ್ಕಡಿ ಇದ್ದವರಿಗೆ ಇದು ಬಹಳ ಸುಲಭ. ಎರಡೂ ತಟ್ಟೆ ಸಮ ಬಂದರೆ ಅರ್ಧವಾಯಿತು. ಹತ್ತನ್ನು ಮೂರು ಪಾಲು ಮಾಡಲು ಹೋದರೆ ಉಳಿಕೆ ಬರುತ್ತದೆ, ಹನ್ನೆರಡು ಇಂಚಿನ ಅಡಿಗೆ ಆ ತೊಂದರೆಯಿಲ್ಲ. ಅಡುಗೆಮನೆಯಲ್ಲಿ ಒಂದು ಪಾವು ಅಕ್ಕಿಗೆ ಎರಡು ಪಾವು ನೀರು ಎಂದರೆ ಪಾವಿನ ಗಾತ್ರ ಎಷ್ಟಿದ್ದರೂ ಅನ್ನ ಆಗುತ್ತದೆ. ಹೂವಾಡಗಿತ್ತಿಯ ಮೊಳವನ್ನು ಸೆಂಟಿಮೀಟರ್‌ಗೆ ಬದಲಿಸಿ ಎಂದು ನಾವಂತೂ ಹೇಳುವುದಿಲ್ಲ. ತೋಳು ಉದ್ದವಿರುವವರ ಬಳಿ ಕೊಂಡರಾಯಿತು!

ಮೆಟ್ರಿಕ್‌ನ ಬಲ ಬೇರೆಯದು. ಇಲ್ಲಿ ಉದ್ದ, ಪ್ರಮಾಣ, ತೂಕ ಒಂದಕ್ಕೊಂದು ಹೆಣೆದುಕೊಂಡಿವೆ. 10 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಡಬ್ಬಿಯಲ್ಲಿ ಒಂದು ಲೀಟರ್ ನೀರು ಹಿಡಿಯುತ್ತದೆ, ಅದರ ತೂಕ ಒಂದು ಕಿಲೋ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ 30x40 ಸೈಟಿನ ಪೂರ್ತಿ ಅಗಲಕ್ಕೆ ತಾರಸಿ ಇದೆ ಎಂದುಕೊಳ್ಳಿ, ಅದು ಸುಮಾರು 111.5 ಚದರ ಮೀಟರ್. 10 ಮಿಲಿಮೀಟರ್ ಮಳೆಗೆ ಅದರ ಮೇಲೆ ಬೀಳುವ ನೀರು ಸುಮಾರು 1,115 ಲೀಟರ್. ಇದನ್ನೇ ಅಡಿ ಮತ್ತು ಸೇರಿನಲ್ಲಿ ಲೆಕ್ಕ ಹಾಕಿ ನೋಡಿ.

ಅಪಾಯ ಬರುವುದು ಎರಡನ್ನೂ ಬೆರೆಸಿದಾಗ. 1983ರ ಜುಲೈನಲ್ಲಿ ಏರ್ ಕೆನಡಾ ವಿಮಾನವೊಂದಕ್ಕೆ 22,300 ಕಿಲೋ ಇಂಧನ ಬೇಕಿತ್ತು. ಸಿಬ್ಬಂದಿ ಪೌಂಡ್ ಲೆಕ್ಕದ ಸಂಖ್ಯೆಯನ್ನು ಕಿಲೋ ಎಂದು ಬಳಸಿದ್ದರಿಂದ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ವಿಮಾನ ಹಾರಿತು. ಆಕಾಶದಲ್ಲೇ ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ಅದನ್ನು ಗ್ಲೈಡರ್‌ನಂತೆ ತೇಲಿಸಿ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ.

ನಮ್ಮ ಮನೆಗಳಲ್ಲೂ ಈ ಬೆರಕೆ ಇದೆ. ಹಳೆಯ ಕಾಗದದಲ್ಲಿ 10 ತೊಲ ಚಿನ್ನ ಎಂದಿದ್ದರೆ ಅದು ಸುಮಾರು 116.6 ಗ್ರಾಂ. ಈಗ ಮಾತಿನಲ್ಲಿ ಹಲವರು 10 ಗ್ರಾಂಗೇ ತೊಲ ಎನ್ನುತ್ತಾರೆ. ಆ ಲೆಕ್ಕದಲ್ಲಿ ಪಾಲು ಮಾಡಿದರೆ 16.6 ಗ್ರಾಂ, ಅಂದರೆ ಎರಡು ಪವನ್‌ಗಿಂತ ಹೆಚ್ಚು ಚಿನ್ನ ಲೆಕ್ಕಕ್ಕೇ ಬರುವುದಿಲ್ಲ. ಪಾಲುಪಟ್ಟಿಗೆ ಸಹಿ ಹಾಕುವ ಮುನ್ನ ಗ್ರಾಂನಲ್ಲೇ ಬರೆಸಿ.

ಚಿನ್ನಕ್ಕಿಂತ ಮುಖ್ಯವಾದದ್ದು ಔಷಧ. ಮಗುವಿನ ಜ್ವರಕ್ಕೆ ಡಾಕ್ಟರ್ 5 ಎಂಎಲ್ ಸಿರಪ್ ಬರೆದಿರುತ್ತಾರೆ, ಮನೆಯಲ್ಲಿ ಅದು ಒಂದು ಚಮಚ ಆಗುತ್ತದೆ. ಯಾವ ಚಮಚ? ಟೀ ಚಮಚ ಸುಮಾರು 5 ಎಂಎಲ್, ಟೇಬಲ್ ಚಮಚ 15. ಚಮಚ ಬದಲಾದರೆ ಮೂರು ಪಟ್ಟು ಔಷಧ ಮಗುವಿನ ಹೊಟ್ಟೆಗೆ ಹೋಗುತ್ತದೆ, ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತಿಗೆ ಪೆಟ್ಟು. ಮಕ್ಕಳಿಗೆ ಡೋಸ್ ನಿರ್ಧಾರವಾಗುವುದು ಅವರ ತೂಕದ ಮೇಲೆ, ಆದ್ದರಿಂದ ಅಣ್ಣನಿಗೆ ಬರೆದ ಅಳತೆ ತಂಗಿಗೆ ಸಲ್ಲದು. ಬಾಟಲಿ ಜೊತೆ ಬರುವ ಅಳತೆ ಮುಚ್ಚಳವನ್ನು ಎಸೆಯಬೇಡಿ. ಅದನ್ನು ಸಮತಟ್ಟಾದ ಜಾಗದಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಬಗ್ಗಿ, ಗೆರೆ ನೋಡಿ ಸುರಿಯಿರಿ. ಮುಚ್ಚಳ ಕಳೆದಿದ್ದರೆ ಮೆಡಿಕಲ್ ಸ್ಟೋರ್‌ನಲ್ಲಿ ಸೂಜಿಯಿಲ್ಲದ 5 ಎಂಎಲ್ ಸಿರಿಂಜ್ ಕೇಳಿ ತನ್ನಿ.