ಗೆಲುವಿಲ್ಲದ ಮೂರು ಆಟಗಳು

ಆಟಗಳ ಚರಿತ್ರೆಯನ್ನು ಬರೆಯುವುದು ವಿದ್ವಾಂಸರಿಗೆ ತಕ್ಕ ಕೆಲಸವಲ್ಲವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಕನ್ನಡನಾಡಿನ ಹಿರಿಯರು ಹಾಗೆ ಎಣಿಸಿದವರಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯನ್ನು ಆಟಗಳಿಗೆ ಮೀಸಲಿಟ್ಟರು. ದೇವತಾಮೂರ್ತಿಗಳ ಲಕ್ಷಣಗಳನ್ನು ಹೇಳುವ ಗ್ರಂಥದಲ್ಲಿಯೇ ಚದುರಂಗಕ್ಕೂ ಗಂಜೀಫಕ್ಕೂ ಎಡೆ ದೊರೆಯಿತು. ಆ ಧೈರ್ಯವನ್ನು ಅವಲಂಬಿಸಿ, ಕಳೆದ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದ ವೀಡಿಯೋ ಆಟಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಮೂರರ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ. ನಾನು ಇವುಗಳ ಅಭಿಮಾನಿ; ಅಭಿಮಾನದ ಮಾತು ಯಾವುದು, ಸಂಗತಿ ಯಾವುದು ಎಂಬುದನ್ನು ವಾಚಕರು ವಿಂಗಡಿಸಿಕೊಳ್ಳಬಲ್ಲರು.

ಈ ಜಾತಿಯ ಆಟಗಳ ಮೂಲವನ್ನು ಅರಸಿ ಹೊರಟವರು ಸಾಮಾನ್ಯವಾಗಿ ೧೯೫೮ನೆಯ ಇಸವಿಗೆ ಹೋಗುವರು. ಆ ವರ್ಷ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಂ ಎಂಬ ಭೌತವಿಜ್ಞಾನಿಯು, ನೋಡಬರುವ ಜನರಿಗೆ ಬೇಸರವಾಗದಿರಲೆಂದು, ಅಳತೆಯ ಉಪಕರಣವೊಂದರ ಪುಟ್ಟ ಪರದೆಯ ಮೇಲೆ ಟೆನಿಸ್ ಆಟವನ್ನು ಕಲ್ಪಿಸಿದನು. ಜನರು ಸಾಲುಗಟ್ಟಿ ನಿಂತು ಆಡಿದರು. ಮರುವರ್ಷವೂ ಅದನ್ನು ಪ್ರದರ್ಶಿಸಿ, ಬಳಿಕ ಬಿಚ್ಚಿ, ಭಾಗಗಳನ್ನು ಬೇರೆ ಕೆಲಸಗಳಿಗೆ ಬಳಸಿಕೊಂಡರು. ಈ ಕಲೆಯ ಆದಿಕೃತಿಗಳಲ್ಲೊಂದು ಹೀಗೆ ಎರಡೇ ವರ್ಷದಲ್ಲಿ ಇಲ್ಲವಾಯಿತು. ೧೯೭೨ರಲ್ಲಿ ಅಟಾರಿ ಸಂಸ್ಥೆಯು ಪಾಂಗ್ ಎಂಬ ಆಟವನ್ನು ಹೊರತಂದ ಮೇಲೆ, ನಾಣ್ಯ ಹಾಕಿ ಆಡುವ ಯಂತ್ರಗಳು ಎಲ್ಲೆಡೆ ಹರಡಿದುವು.

ಮೂರರಲ್ಲಿ ಮೊದಲನೆಯದು ಜಪಾನಿನ ಟೈಟೊ ಸಂಸ್ಥೆಯ ತೊಮೊಹಿರೊ ನಿಶಿಕಾಡೊ ೧೯೭೮ರಲ್ಲಿ ರಚಿಸಿದ ಸ್ಪೇಸ್ ಇನ್‌ವೇಡರ್ಸ್. ಐದು ಸಾಲುಗಳಲ್ಲಿ ೫೫ ಅನ್ಯಲೋಕದ ಜೀವಿಗಳು ಮೇಲಿನಿಂದ ಇಳಿದುಬರುವುವು. ಕೆಳಗಿರುವ ಒಂಟಿ ತೋಪಿನಿಂದ ಅವುಗಳನ್ನು ಹೊಡೆಯಬೇಕು. ಶತ್ರುಗಳು ಕಡಿಮೆಯಾದಷ್ಟೂ ಉಳಿದವುಗಳ ವೇಗ ಹೆಚ್ಚುವುದು. ಇದು ಮೊದಲು ಯೋಚಿಸಿ ಮಾಡಿದ ಏರ್ಪಾಡಲ್ಲ. ಅಷ್ಟೊಂದು ಚಿತ್ರಗಳನ್ನು ಬಿಡಿಸಲು ಆ ಯಂತ್ರಕ್ಕೆ ಶಕ್ತಿ ಸಾಲದು. ಚಿತ್ರಗಳು ಕಡಿಮೆಯಾದರೆ ಅದರ ಹೊರೆ ಇಳಿದು ವೇಗ ಏರುವುದು. ನಿಶಿಕಾಡೊ ಇದನ್ನು ಕಂಡು, ತಿದ್ದದೆ ಹಾಗೆಯೇ ಉಳಿಸಿಕೊಂಡನು. ಎದೆಬಡಿತದಂತಿರುವ ನಾಲ್ಕು ಸ್ವರಗಳ ನಾದವೂ ಜೊತೆಯಲ್ಲಿಯೇ ತ್ವರಿತವಾಗುವುದು. ಬಡಯಂತ್ರದ ದೌರ್ಬಲ್ಯವೇ ಆಟದ ಜೀವಾಳವಾದುದು ಇಲ್ಲಿಯ ಸೊಗಸು.

ಎರಡನೆಯದು ನಾಮ್ಕೊ ಸಂಸ್ಥೆಯ ತೋರು ಇವಾತಾನಿ ೧೯೮೦ರಲ್ಲಿ ರಚಿಸಿದ ಪ್ಯಾಕ್‌ಮ್ಯಾನ್. ಯುದ್ಧದ ಆಟಗಳಿಂದ ತುಂಬಿದ್ದ ಆಟದಂಗಡಿಗಳಿಗೆ ಹೆಂಗಸರೂ ಬರುವಂತಾಗಬೇಕೆಂಬುದು ಅವನ ಅಪೇಕ್ಷೆ. ಅದಕ್ಕಾಗಿ ತಿನ್ನುವುದನ್ನೇ ಆಟದ ವಸ್ತುವಾಗಿ ಆರಿಸಿದನು. ದುಂಡನೆಯ ಹಳದಿ ಬಾಯೊಂದು ಚಕ್ರವ್ಯೂಹದಂತಹ ಓಣಿಗಳಲ್ಲಿ ಚುಕ್ಕೆಗಳನ್ನು ನುಂಗುತ್ತ ಓಡುವುದು. ನಾಲ್ಕು ಭೂತಗಳು ಅದನ್ನು ಅಟ್ಟುವುವು. ಆ ನಾಲ್ಕಕ್ಕೂ ಬೇರೆ ಬೇರೆ ಸ್ವಭಾವವಿದೆ. ಕೆಂಪು ಭೂತ ನೇರವಾಗಿ ಬೆನ್ನಟ್ಟುವುದು, ನಸುಗೆಂಪಿನದು ಮುಂದೆ ಹೋಗಿ ಅಡ್ಡಗಟ್ಟುವುದು, ಕಿತ್ತಳೆಯದು ಸಮೀಪಕ್ಕೆ ಬಂದೊಡನೆ ಹಿಂಜರಿದು ಮೂಲೆಗೆ ಓಡುವುದು. ಮಾತೊಂದೂ ಇಲ್ಲದೆ, ನಡೆಯಿಂದಲೇ ಪಾತ್ರಗಳನ್ನು ಬೇರೆಬೇರೆಯಾಗಿಸಿದ ಈ ಜಾಣ್ಮೆಯನ್ನು ನಾನು ನಾಟಕಕಾರನ ಜಾಣ್ಮೆಗೆ ಕಡಿಮೆಯೆಂದು ಎಣಿಸಲಾರೆ.

ಮೂರನೆಯದು ಟೆಟ್ರಿಸ್, ನನ್ನ ಮಟ್ಟಿಗೆ ಇದೇ ಅಗ್ರಗಣ್ಯ. ಮಾಸ್ಕೋವಿನ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೊವ್ ೧೯೮೪ರಲ್ಲಿ ಇದನ್ನು ರಚಿಸಿದನು. ಅವನ ಎಲೆಕ್ಟ್ರೋನಿಕ ೬೦ ಯಂತ್ರಕ್ಕೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಆವರಣಚಿಹ್ನೆಗಳನ್ನು ಒತ್ತೊತ್ತಾಗಿ ಜೋಡಿಸಿಯೇ ತುಂಡುಗಳ ಆಕಾರ ಕೊಟ್ಟನು. ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಒಂದೊಂದಾಗಿ ಬೀಳುವುವು. ಸಾಲು ತುಂಬಿದರೆ ಮಾಯವಾಗುವುದು. ಇಷ್ಟೇ ನಿಯಮ. ನಾವು ಸರಿಯಾಗಿ ಮಾಡಿದುದು ಕಣ್ಮರೆಯಾಗಿ, ತಪ್ಪಿದುದು ಮಾತ್ರ ರಾಶಿಯಾಗಿ ಉಳಿಯುವುದೆಂಬ ಸತ್ಯ ಇದರಲ್ಲಿ ಅಡಗಿದೆ. ಹಕ್ಕುಗಳು ಸರ್ಕಾರದ ವಶದಲ್ಲಿದ್ದುದರಿಂದ, ಲೋಕವೆಲ್ಲ ಆಡಿದ ಈ ಆಟದ ಕರ್ತೃವಿಗೆ ಗೌರವಧನ ಬರತೊಡಗಿದುದು ೧೯೯೬ರಿಂದ ಈಚೆಗೆ. ೧೯೯೦ರ ದಶಕದಲ್ಲಿ ಇದರ ಕೈಯಳತೆಯ ಅನುಕರಣಗಳು ನಮ್ಮ ಜಾತ್ರೆಯ ಅಂಗಡಿಗಳಿಗೂ ಬಂದುವು.

ಈ ಮೂರಕ್ಕೂ ಸಮಾನವಾದ ಗುಣವೊಂದಿದೆ. ಇವುಗಳಲ್ಲಿ ಗೆಲುವೆಂಬುದಿಲ್ಲ, ಸೋಲನ್ನು ಮುಂದೂಡುವುದೇ ಆಟ. ಪ್ಯಾಕ್‌ಮ್ಯಾನಿನ ೨೫೬ನೆಯ ಘಟ್ಟದಲ್ಲಿ ಎಣಿಕೆ ಮೀರಿ ಅರ್ಧ ಪರದೆ ಚೆಲ್ಲಾಪಿಲ್ಲಿಯಾಗುವುದು. ೨೦೨೩ರ ಡಿಸೆಂಬರಿನಲ್ಲಿ ಅಮೆರಿಕದ ಬಾಲಕನೊಬ್ಬನು ಟೆಟ್ರಿಸ್ಸಿನ ನಿಂಟೆಂಡೊ ಆವೃತ್ತಿಯನ್ನು ಯಂತ್ರವೇ ಸ್ತಬ್ಧವಾಗುವವರೆಗೆ ಆಡಿದನು. ಅಲ್ಲಿಯೂ ಸೋತುದು ಯಂತ್ರವೇ ಹೊರತು ಆಟವಲ್ಲ. ಇವುಗಳ ಹಿರಿಮೆ ನಿಯಮದ ಅಚ್ಚುಕಟ್ಟಿನಲ್ಲಿದೆ, ಹೊರಬೆಡಗಿನಲ್ಲಿಲ್ಲ. ಜನಪ್ರಿಯ ಚಲನಚಿತ್ರವೊಂದರ ಹೆಸರನ್ನೇ ನೆಚ್ಚಿ ಅಟಾರಿ ಸಂಸ್ಥೆ ೧೯೮೨ರಲ್ಲಿ ಹೊರತಂದ ಇ.ಟಿ. ಆಟ ಐದು ವಾರಗಳಲ್ಲಿ ಸಿದ್ಧವಾಯಿತು. ಮಾರಾಟವಾಗದ ಪ್ರತಿಗಳನ್ನು ಮರುವರ್ಷ ನ್ಯೂಮೆಕ್ಸಿಕೋ ಪ್ರಾಂತದ ಕಸದ ಗುಂಡಿಯಲ್ಲಿ ಹೂಳಬೇಕಾಯಿತು. ೨೦೧೪ರಲ್ಲಿ ಅಗೆದವರಿಗೆ ಅವು ದೊರೆತುವು.

ಆದರೆ ಹೂಳದಿದ್ದರೂ ಆಟಗಳು ಅಳಿಯುವುವು. ನನ್ನ ಮುಖ್ಯವಾದ ಕಳವಳ ಇದೇ. ಚೆನ್ನೆಮಣೆಯ ನಿಯಮ ಅಜ್ಜಿಯಿಂದ ಮೊಮ್ಮಗಳಿಗೆ ಬಾಯಿಂದ ಬರುವುದು. ಮಣೆ ಮುರಿದರೆ ನೆಲದಲ್ಲಿ ಗುಳಿ ತೋಡಿ ಹುಣಿಸೆಬೀಜಗಳಿಂದ ಆಡಬಹುದು. ವೀಡಿಯೋ ಆಟದ ನಿಯಮವೋ ಯಂತ್ರದೊಳಗೆ ಅಡಗಿದೆ. ನಿಶಿಕಾಡೊವಿನ ಆಟದ ವೇಗವು ಅಂದಿನ ಯಂತ್ರದ ಮಂದಗತಿಯಿಂದ ಹುಟ್ಟಿದುದು. ಅದನ್ನು ವಿವರಿಸಿ ಎಷ್ಟು ಪುಟ ಬರೆದರೂ ಆ ಎದೆಬಡಿತವು ಓದುವವನ ಕೈಗೆ ತಾಗದು. ೨೦೧೦ಕ್ಕೆ ಮೊದಲು ಅಮೆರಿಕದಲ್ಲಿ ಪ್ರಕಟವಾದ ಆಟಗಳಲ್ಲಿ ನೂರಕ್ಕೆ ೮೭ ಭಾಗ ಮಾರುಕಟ್ಟೆಯಲ್ಲಿ ದೊರೆಯವೆಂದು ವೀಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ತಿಳಿಸಿತು. ಹಳೆಯ ಆಟಗಳನ್ನು ಸಂಶೋಧಕರು ದೂರದಿಂದಲೇ ಆಡಿ ಪರಿಶೀಲಿಸಲು ಪುಸ್ತಕಾಲಯಗಳು ಅವಕಾಶ ಕೊಡಬಹುದೆ ಎಂಬ ಪ್ರಾರ್ಥನೆಯನ್ನು ಆ ದೇಶದ ಕೃತಿಸ್ವಾಮ್ಯ ಕಚೇರಿಯು ೨೦೨೪ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ಹಾಳೆಯ ಮೇಲಿನ ಕೃತಿಗೆ ದೊರೆಯುವ ಸೌಕರ್ಯ ಪರದೆಯ ಮೇಲಿನ ಕೃತಿಗೆ ಇನ್ನೂ ದೊರೆತಿಲ್ಲ. ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯವು ೨೦೧೨ರಲ್ಲಿ ಪ್ಯಾಕ್‌ಮ್ಯಾನ್, ಟೆಟ್ರಿಸ್ ಮೊದಲಾದ ೧೪ ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡುದು ಸಮಾಧಾನದ ಸಂಗತಿ. ಆದರೆ ಪ್ರಖ್ಯಾತವಾದುವು ಹೇಗೋ ಉಳಿದುಕೊಳ್ಳುವುವು, ಹೆಸರಿಲ್ಲದುವುಗಳ ಗತಿಯನ್ನು ಕೇಳುವವರಿಲ್ಲ.

ಮುಮ್ಮಡಿಯವರು ಲೇಖನಿಯಿಂದ ಮಾಡಿದ ಕೆಲಸವನ್ನು ಇಂದು ಯಂತ್ರಗಳನ್ನು ನಡೆಯುವ ಸ್ಥಿತಿಯಲ್ಲಿಟ್ಟು ಮಾಡಬೇಕಾಗಿದೆ. ೧೯೯೦ರ ದಶಕದಲ್ಲಿ ಟೆಲಿವಿಷನ್ನಿಗೆ ಜೋಡಿಸಿ ಆಡುತ್ತಿದ್ದ ಪೆಟ್ಟಿಗೆಗಳು ನಮ್ಮ ಎಷ್ಟೋ ಮನೆಗಳ ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿರಬಹುದು. ಅವುಗಳನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಜೋಡಿಸಿ, ಮನೆಯ ಮಕ್ಕಳ ಕೈಗೆ ಕೊಟ್ಟು ನೋಡಬೇಕೆಂದು ವಾಚಕರಲ್ಲಿ ನನ್ನ ವಿನಂತಿ.