ಪುರುಷಾಂಗವಾಚಕ ದೇಶ್ಯಪದಗಳು: ಯಾದಗಿರಿ ಸೀಮೆಯನ್ನು ಕುರಿತ ಒಂದು ವಿವೇಚನೆ

ಭಾಷೆಯ ಚರಿತ್ರೆಯನ್ನು ಬರೆಯುವವರು ರಾಜರ ಶಾಸನಗಳನ್ನೂ ಕವಿಗಳ ಕಾವ್ಯಗಳನ್ನೂ ಶೋಧಿಸುವರು. ಜನರು ದನಿ ತಗ್ಗಿಸಿ ಆಡುವ ಮಾತುಗಳನ್ನು ಶೋಧಿಸುವವರು ವಿರಳ. ಗಂಡಸಿನ ಗುಪ್ತಾಂಗಗಳಿಗೆ ಕನ್ನಡದಲ್ಲಿರುವ ಹೆಸರುಗಳು ಇಂಥ ಮಾತುಗಳ ಸಾಲಿಗೆ ಸೇರಿದವು. ಇವನ್ನು ವಿವೇಚಿಸಲು ಯಾದಗಿರಿ ಜಿಲ್ಲೆಯ ಕಡೇಚೂರಿನ ಸುತ್ತಣ ಸೀಮೆಯನ್ನು ನಾವು ಆರಿಸಿಕೊಂಡಿರುವೆವು. ತೆಲಂಗಾಣದ ಗಡಿಗೆ ಸಮೀಪದಲ್ಲಿರುವ ಈ ಸೀಮೆಯು 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ, ತೆಲುಗು, ದಖನಿ ಉರ್ದು ಮೂರೂ ಇಲ್ಲಿ ಒಂದೇ ಸಂತೆಯಲ್ಲಿ ಕೇಳಿಬರುವುವು.

ಪದಗಳಲ್ಲಿ ಎರಡು ಸ್ತರಗಳಿರುವುದು ಸ್ಪಷ್ಟ. ಶಿಶ್ನ, ಮೇಢ್ರ, ವೃಷಣ ಇವು ವೈದ್ಯಗ್ರಂಥಗಳ ಮೂಲಕ ಬಂದ ಸಂಸ್ಕೃತ ಶಬ್ದಗಳು. ತುಣ್ಣೆ, ತರಡು, ಮಕ್ಕಳ ವಿಷಯದಲ್ಲಿ ಬುಲ್ಲಿ, ಇವು ದೇಶ್ಯಗಳು. ಮೊದಲಿನವನ್ನು ಸಭೆಯಲ್ಲಿ ನುಡಿದರೂ ಯಾರೂ ತಲೆತಗ್ಗಿಸುವುದಿಲ್ಲ; ಎರಡನೆಯವು ಬೈಗುಳವೆನಿಸುವುವು. ಅಂಗ ಒಂದೇ, ನಾಚಿಕೆ ಮಾತ್ರ ಎರಡು ಬಗೆ. ಆಲಂಕಾರಿಕರು ಅಶ್ಲೀಲವೆಂಬ ದೋಷವನ್ನು ವ್ರೀಡಾ, ಜುಗುಪ್ಸಾ, ಅಮಂಗಲಗಳೆಂದು ಮೂರಾಗಿ ವಿಂಗಡಿಸಿದುದು ಸರಿಯಷ್ಟೆ. ಸೈನ್ಯವೆಂಬ ಅರ್ಥದಲ್ಲಿ ಬಳಸಿದ ‘ಸಾಧನ’ ಶಬ್ದವು ಇನ್ನೊಂದನ್ನು ನೆನಪಿಗೆ ತರುವುದೆಂದು ಮಮ್ಮಟನು ಅದನ್ನೂ ದೋಷಕ್ಕೆ ಸೇರಿಸಿದನು. ಸಂಸ್ಕೃತದಲ್ಲಿಯೇ ಇಷ್ಟು ಎಚ್ಚರವಿದ್ದ ಮೇಲೆ ದೇಶ್ಯಕ್ಕೆ ಕಾವ್ಯದಲ್ಲಿ ಎಡೆ ಎಲ್ಲಿಯದು? ಆದರೂ ಹನ್ನೊಂದನೆಯ ಶತಮಾನದ ಚಂದ್ರರಾಜನ ಮದನತಿಲಕ, ಜನ್ನನ ಸ್ಮರತಂತ್ರ ಮೊದಲಾದ ಶಾಸ್ತ್ರಗ್ರಂಥಗಳು ಕನ್ನಡದಲ್ಲಿ ಹುಟ್ಟಿದುವು. ಶಾಸ್ತ್ರವೆಂಬ ಹೊದಿಕೆಯಿದ್ದರೆ ವಿಷಯವು ನಿಷಿದ್ಧವಾಗಿರಲಿಲ್ಲ.

ಲಿಂಗಶಬ್ದದ ಗತಿ ಬೇರೆ. ಅದರ ಮೂಲಾರ್ಥ ಗುರುತು, ಚಿಹ್ನೆ ಎಂಬುದು. ವೈಯಾಕರಣರು ಪುಲ್ಲಿಂಗ, ಸ್ತ್ರೀಲಿಂಗಗಳೆಂದು ಅದನ್ನು ಬಳಸಿದರು. ಶರಣರ ನಾಡಾದ ಇಲ್ಲಿ ಅದು ಅಂಗೈಯ ಇಷ್ಟಲಿಂಗವಾಗಿ ಪೂಜ್ಯವಾಯಿತು. ಆದುದರಿಂದ ಹಳ್ಳಿಯ ಆಡುಮಾತಿನಲ್ಲಿ ಅಂಗಕ್ಕೆ ಈ ಹೆಸರು ನೆಲೆಗೊಳ್ಳಲಿಲ್ಲವೆಂದು ನಮ್ಮ ಊಹೆ. ಇದೇ ಜಿಲ್ಲೆಯ ಮುದನೂರಿನ ದೇವರ ದಾಸಿಮಯ್ಯನು ಹೆಣ್ಣುಗಂಡುಗಳ ಭೇದವನ್ನು ಹೇಳುವಾಗ ಗಂಡಿಗೆ ಗಡ್ಡಮೀಸೆಗಳನ್ನು ಗುರುತಾಗಿ ಹಿಡಿದನೇ ಹೊರತು ಬೇರೆಯದನ್ನಲ್ಲ.

ಜನರಾದರೋ ಸುತ್ತುಬಳಸಿ ನುಡಿವ ಕಲೆಯನ್ನು ಬಲ್ಲವರು. ‘ಮಾನ ಮುಚ್ಚು’ ಎಂಬಲ್ಲಿ ಮಾನವೇ ಅಂಗವಾಗಿದೆ. ‘ಕಚ್ಚೆಹರುಕ’ನೆಂಬಲ್ಲಿ ಬಟ್ಟೆಯು ಮೈಗೆ ಬದಲಾಗಿ ನಿಂತಿದೆ. ‘ಬೀಜ’ವೆಂಬುದು ಒಕ್ಕಲಿಗನ ಮಾತು, ಹೋರಿಯ ಬೀಜ ಒಡೆಸುವ ಸಂಗತಿಯನ್ನು ಹೆಂಗಸರೆದುರಿಗೂ ನಿಸ್ಸಂಕೋಚವಾಗಿ ಆಡುವರು. ಅದೇ ಪದವು ಮನುಷ್ಯನ ಮೈಗೆ ಬಂದೊಡನೆ ದನಿ ತಗ್ಗುವುದು.

ಈ ಸಂಕೋಚವೆಲ್ಲ ವರ್ಷಕ್ಕೊಮ್ಮೆ ಕಳಚಿ ಬೀಳುವುದುಂಟು. ಭಾದ್ರಪದದಲ್ಲಿ ಗಣಪತಿಯು ಹೋದ ಮೇಲೆ ಬರುವವನು ಜೋಕುಮಾರ. ಹಸಿಮಣ್ಣಿನಿಂದ ಮಾಡಿದ ಅವನ ಮೂರ್ತಿಯಲ್ಲಿ ಪುರುಷಾಂಗವು ಎದ್ದು ಕಾಣುವಂತಿರುವುದು. ಅದನ್ನು ಯಾರೂ ಮರೆಮಾಡುವುದಿಲ್ಲ. ಗಂಗಾಮತ, ಅಂಬಿಗ ಮೊದಲಾದ ಮನೆತನಗಳ ಹೆಂಗಸರು ಅವನನ್ನು ಬುಟ್ಟಿಯಲ್ಲಿ ಬೇವಿನೆಲೆಯ ನಡುವೆ ಕೂರಿಸಿ, ಬಾಯಿಗೆ ಬೆಣ್ಣೆ ಸವರಿ, ಹಾಡುತ್ತ ಮನೆಮನೆಗೆ ಒಯ್ಯುವರು. ಮನೆಯವರು ಕಾಳುಕಡಿ ನೀಡುವರು. ಉಳಿದ ದಿನಗಳಲ್ಲಿ ನಾಲಗೆಗೆ ಬಾರದುದು ಈ ಹಾಡುಗಳಲ್ಲಿ ನಗೆಯೊಡನೆ ಬರುವುದು, ಹಾಡುವವರು ಹೆಂಗಸರೇ ಎಂಬುದು ಗಮನಾರ್ಹ. ಏಳು ದಿನದ ಆಯುಸ್ಸಿನ ಈ ಕುಮಾರನು ಹುಣ್ಣಿಮೆಯಂದು ಸಾಯುವನು. ಗಣಪನು ಕಡುಬು ತಿಂದು ಭೂಲೋಕವು ಸುಖವಾಗಿದೆಯೆಂದು ಶಿವನಿಗೆ ಹೇಳಿದರೆ, ಜೋಕುಮಾರನು ಜನರ ಹಸಿವನ್ನು ಕಂಡು ಮಳೆಯನ್ನು ಬೇಡುವನೆಂದು ಪ್ರತೀತಿ. ಮಳೆಯನ್ನೇ ನಂಬಿದ ನೆಲದಲ್ಲಿ ಈ ಅಂಗವು ಬೆಳೆಯ ಚಿಹ್ನೆಯಾದುದರಲ್ಲಿ ಆಶ್ಚರ್ಯವಿಲ್ಲ. ಚಂದ್ರಶೇಖರ ಕಂಬಾರರು 1972ರ ತಮ್ಮ ನಾಟಕಕ್ಕೆ ಈ ಆಚರಣೆಯನ್ನೇ ಆಧರಿಸಿದರು.

ಜಪಾನಿನಲ್ಲಿಯೂ ಇದನ್ನೇ ಕಾಣುವೆವು. ಅಲ್ಲಿ ಪಂಡಿತರ ‘ಇನ್‌ಕೇ’ ಚೀನೀ ಮೂಲದ್ದು, ನಮ್ಮ ಶಿಶ್ನದಂತೆ. ಮಕ್ಕಳ ಮಾತಿನ ‘ಚಿನ್‌ಚಿನ್’ ನಮ್ಮ ಬುಲ್ಲಿಯ ಸೋದರ. ಅದರ ಮುಂದೆ ‘ಓ’ ಎಂಬ ಗೌರವಸೂಚಕವನ್ನೂ ಹಚ್ಚುವರು! ನಾವು ಬೀಜವೆಂದುದನ್ನು ಅವರು ‘ಕಿಂತಾಮಾ’, ಎಂದರೆ ಚಿನ್ನದ ಗುಂಡು, ಎಂದರು. ಕೊಮಾಕಿಯ ತಗಾತಾ ದೇವಾಲಯದಲ್ಲಿ ಮಾರ್ಚ್ 15ರಂದು ಮರದ ಬೃಹತ್ ಪುರುಷಾಂಗವನ್ನು ಸಮೃದ್ಧಿಗಾಗಿ ಮೆರವಣಿಗೆ ಮಾಡುವರು.

ಈ ವಿಚಾರವು ಕೇವಲ ಕುತೂಹಲದ್ದಲ್ಲ. ಯಾದಗಿರಿ ಜಿಲ್ಲೆಯಲ್ಲಿ ಆನೆಕಾಲು ರೋಗವುಂಟು. ಸೊಳ್ಳೆಯಿಂದ ಹರಡುವ ಅದರ ಹುಳುಗಳು ಗಂಡಸರಲ್ಲಿ ಅನೇಕರಿಗೆ ಕಾಲಿಗಿಂತ ವೃಷಣದ ಚೀಲದಲ್ಲಿಯೇ ನೀರು ತುಂಬಿ ಬಾವು ಬರಿಸುವುವು. ಜಪಾನಿನಲ್ಲಿಯೂ ಈ ಪಿಡುಗಿತ್ತು. 1877ರಲ್ಲಿ ಮಡಿದ ಸಾಯಿಗೊ ತಕಾಮೊರಿಯ ತಲೆಯಿಲ್ಲದ ದೇಹವನ್ನು ಈ ಬಾವಿನಿಂದಲೇ ಗುರುತಿಸಿದರೆಂದು ಪ್ರಸಿದ್ಧಿಯಿದೆ. ಶಸ್ತ್ರಚಿಕಿತ್ಸೆಯಿಂದ ವಾಸಿಯಾಗತಕ್ಕ ಈ ಬಾವನ್ನು ಧೋತರದಡಿ ಮುಚ್ಚಿಟ್ಟುಕೊಂಡು ಬದುಕುವ ರೈತನು ವೈದ್ಯನ ಮುಂದೆ ‘ಕೆಳಗ ನೋವು’ ಎಂದಷ್ಟೇ ಹೇಳುವನು. ವೃಷಣವೆಂಬುದು ಅವನಿಗೆ ತಿಳಿಯದು, ತರಡೆನ್ನಲು ನಾಚಿಕೆ. ಹೊಟ್ಟೆನೋವಿನ ಗುಳಿಗೆ ಪಡೆದು ಅವನು ಹಿಂದಿರುಗಿದರೆ ತಪ್ಪು ಯಾರದು? ಶಾಲೆಯ ಪಾಠಗಳಿಂದಲೂ ಆರೋಗ್ಯ ಇಲಾಖೆಯ ಭಿತ್ತಿಪತ್ರಗಳಿಂದಲೂ ದೇಶ್ಯಪದಗಳನ್ನು ಹೊರದೂಡಿದ ನಾವು, ವಿದ್ಯಾವಂತರು, ಇದಕ್ಕೆ ಉತ್ತರ ಹೇಳಬೇಕಾದವರು. ‘ಬೀಜದ ಬಾವು’ ಎಂಬ ಮಾತು ಈಗಲೂ ಬಳಕೆಯಲ್ಲಿದೆ. ಹೊಲದಿಂದ ಬಂದ ಆ ಪದವನ್ನು ಆಸ್ಪತ್ರೆಯ ಬಾಗಿಲಿನಲ್ಲಿ ಬರೆಯಿಸಲು ಅಡ್ಡಿಯೇನೂ ನಮಗೆ ತೋರುವುದಿಲ್ಲ.