ಗುಲಾಬಿ ವಿಮಾನ, ಮುಂಗಡ ದುಡ್ಡು: ಕೋರ್ಟ್ ಲೈನ್ ಮುಳುಗಿದ ಕಥೆ

ಇವತ್ತು ಬ್ರಿಟನ್ನಿನ ಒಂದು ವಿಮಾನ ಕಂಪನಿಯ ಕಥೆ. ಹೆಸರು ಕೋರ್ಟ್ ಲೈನ್. ನಿಮ್ಮಲ್ಲಿ ಬಹಳ ಜನ ಈ ಹೆಸರು ಕೇಳಿರಲಿಕ್ಕಿಲ್ಲ. ಆದ್ರೆ ವಿಮಾನಕ್ಕೂ ಹೋಟೆಲಿಗೂ ಸೇರಿಸಿ ಮೊದಲೇ ದುಡ್ಡು ಕಟ್ಟಿ ಟೂರ್ ಹೋಗಿದ್ದೀರಾ? ಹಾಗಾದ್ರೆ ಇದನ್ನ ಪೂರ್ತಿ ಕೇಳಿ.

ಮೊದಲಿಗೆ, ಚಾರ್ಟರ್ ಅಂದ್ರೇನು? ಮದುವೆಗೆ ಇಡೀ ಬಸ್ಸನ್ನೇ ಗೊತ್ತು ಮಾಡ್ತೀವಲ್ಲ, ಹಾಗೆ. ಟೂರ್ ಕಂಪನಿ ಇಡೀ ವಿಮಾನ ಬಾಡಿಗೆಗೆ ಹಿಡಿಯುತ್ತೆ, ಸ್ಪೇನ್‌ನಲ್ಲಿ ಹೋಟೆಲ್ ರೂಮುಗಳನ್ನ ಸಗಟಾಗಿ ಕಾದಿರಿಸುತ್ತೆ, ಎರಡನ್ನೂ ಸೇರಿಸಿ ಒಂದೇ ಬೆಲೆಗೆ ಮಾರುತ್ತೆ. ಸೀಟು ಖಾಲಿ ಹೋಗದಿದ್ರೆ ಬೆಲೆ ಇಳಿಯುತ್ತೆ. 1960ರ ದಶಕದಲ್ಲಿ ಬ್ರಿಟನ್ನಿನ ಎಷ್ಟೋ ಕಾರ್ಖಾನೆ ಕೆಲಸಗಾರರು, ಗುಮಾಸ್ತರು ಮೊದಲ ಸಲ ಮೆಡಿಟರೇನಿಯನ್ ಕಡಲ ಬಿಸಿಲು ಕಂಡದ್ದು ಹೀಗೆ.

ಲಂಡನ್ ಹತ್ತಿರದ ಲೂಟನ್‌ನಲ್ಲಿ ಆಟೇರ್ ಅನ್ನೋ ಸಣ್ಣ ವಿಮಾನ ಕಂಪನಿ ಇತ್ತು. 1965ರಲ್ಲಿ ಅದನ್ನ ಕೋರ್ಟ್ ಲೈನ್ ಅನ್ನೋ ಹಡಗು ಕಂಪನಿ ಕೊಂಡುಕೊಳ್ತು. 1970ರಲ್ಲಿ ವಿಮಾನಗಳಿಗೂ ಅದೇ ಹೆಸರು ಬಂತು, ಜೊತೆಗೆ ಹೊಸ ಬಣ್ಣ. ಒಂದು ವಿಮಾನ ಗುಲಾಬಿ, ಇನ್ನೊಂದು ಕಿತ್ತಳೆ, ಮತ್ತೊಂದು ನೇರಳೆ, ಮಗದೊಂದು ಹಸಿರು ಬೆರೆತ ನೀಲಿ! ಊಟದ ವ್ಯವಸ್ಥೆ ಇನ್ನೂ ಮಜಾ. ಎದುರಿನ ಸೀಟಿನ ಬೆನ್ನಲ್ಲೇ ಎರಡು ಖಾನೆ: ಒಂದರಲ್ಲಿ ಹೋಗುವವರ ತಿಂಡಿ, ಬೀಗ ಹಾಕಿದ ಇನ್ನೊಂದರಲ್ಲಿ ವಾಪಸ್ ಬರುವವರ ತಿಂಡಿ. ಕೆಲವರು ಆ ಬೀಗವನ್ನೂ ತೆಗೆದು ತಿಂದುಬಿಡ್ತಿದ್ರಂತೆ. ನಾವು ಬಿಡ್ತಿದ್ವಾ?

1973ರಲ್ಲಿ ಕಂಪನಿ ಟ್ರೈಸ್ಟಾರ್ ತಂದಿತು, ಸುಮಾರು 400 ಸೀಟಿನ ದೊಡ್ಡ ಜೆಟ್. ಅಷ್ಟು ಸೀಟು ತುಂಬಿಸಬೇಕಲ್ಲ? ಅದರ ಅತಿದೊಡ್ಡ ಗಿರಾಕಿ ಕ್ಲಾರ್ಕ್ಸನ್ಸ್, ಅಗ್ಗದ ಬೆಲೆಗೇ ಹೆಸರಾದ ಟೂರ್ ಕಂಪನಿ. ಆದ್ರೆ ಆ ಬೆಲೆಯಲ್ಲಿ ಅದಕ್ಕೆ ಲಾಭವೇ ಹುಟ್ತಿರಲಿಲ್ಲ. ಅದು ಮುಳುಗಿದ್ರೆ ವಿಮಾನಗಳೂ ಖಾಲಿ. ಹಾಗಾಗಿ ಕೋರ್ಟ್ ಲೈನ್ 1973ರಲ್ಲಿ ಕ್ಲಾರ್ಕ್ಸನ್ಸನ್ನೇ ಕೊಂಡಿತು. ನನ್ನ ಪ್ರಕಾರ ಕಥೆ ಕೆಟ್ಟದ್ದು ಇಲ್ಲೇ: ಸಾಲಗಾರನನ್ನ ಉಳಿಸೋಕೆ ಅವನ ಸಾಲವನ್ನೇ ತಲೆ ಮೇಲೆ ಹೊತ್ತುಕೊಂಡ ಹಾಗಾಯ್ತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಬ್-ಇಸ್ರೇಲ್ ಯುದ್ಧ. ತೈಲ ಬೆಲೆ ಗಗನಕ್ಕೆ. 1974ರ ಆರಂಭದಲ್ಲಿ ಬ್ರಿಟನ್ನಿನ ಕಾರ್ಖಾನೆಗಳು ವಾರಕ್ಕೆ ಮೂರೇ ದಿನ ನಡೀತಿದ್ವು. ಆ ಹೊತ್ತಲ್ಲಿ ಯಾರು ರಜೆಗೆ ದುಡ್ಡು ಕಟ್ತಾರೆ? ಈ ವ್ಯಾಪಾರ ಓಡೋದೇ ಬೇಸಿಗೆ ಪ್ರವಾಸಕ್ಕೆ ಜನ ಮೊದಲೇ ಕಟ್ಟುವ ಮುಂಗಡದ ಮೇಲೆ. ಮುಂಗಡ ಕಡಿಮೆಯಾದ್ರೆ ಇವತ್ತಿನ ಇಂಧನಕ್ಕೂ ದುಡ್ಡಿರಲ್ಲ.

ಜೂನ್‌ನಲ್ಲಿ ಸರ್ಕಾರ ಕಂಪನಿಯ ಹಡಗು ಕಟ್ಟುವ ಯಾರ್ಡ್‌ಗಳನ್ನ ಕೊಳ್ಳೋಕೆ ಮುಂದಾಯ್ತು. ಇದರಿಂದ ಇಡೀ ಸಂಸ್ಥೆ ಸ್ಥಿರವಾಗುತ್ತೆ, ಈ ಬೇಸಿಗೆಯ ಪ್ರವಾಸಿಗರಿಗೂ ಅನುಕೂಲ ಅನ್ನೋ ಅರ್ಥದಲ್ಲಿ ಸಚಿವ ಟೋನಿ ಬೆನ್ ಸಂಸತ್ತಿನಲ್ಲಿ ಹೇಳಿದ್ರು. ಜನ ನಂಬಿದ್ರು, ದುಡ್ಡು ಕಟ್ಟಿದ್ರು. ಏಳೇ ವಾರ. ಆಗಸ್ಟ್ 15, 1974ರಂದು ಕಂಪನಿ ಕುಸಿಯಿತು.

ವಿದೇಶದಲ್ಲಿ ಸಿಕ್ಕಿಕೊಂಡವರೇ 40 ಸಾವಿರಕ್ಕೂ ಹೆಚ್ಚು. ಟೂರ್ ಕಂಪನಿಗಳು ಮೊದಲೇ ಇಟ್ಟಿದ್ದ ಭದ್ರತಾ ಹಣ ಅವರನ್ನ ಮನೆಗೆ ಕರೆತರೋಕೇ ಹೋಯ್ತು. ಇನ್ನೂ ಹೊರಡದೇ ಇದ್ದ ಹತ್ತಾರು ಸಾವಿರ ಕುಟುಂಬಗಳ ದುಡ್ಡು? ಅದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಆ ನಷ್ಟದಲ್ಲಿ ಸರ್ಕಾರಕ್ಕೆ ಜವಾಬ್ದಾರಿಯೇ ಇಲ್ಲ ಅನ್ನೋಕಾಗಲ್ಲ ಅಂತ ಮರುವರ್ಷ ಸಂಸತ್ತಿನ ಓಂಬುಡ್ಸ್‌ಮನ್ ವರದಿ ಕೊಟ್ಟರು. ಸರ್ಕಾರ ಒಪ್ಪಲಿಲ್ಲ.

ಆದರೂ 1975ರಲ್ಲೇ ಕಾನೂನು ಮಾಡಿ ಒಂದು ನಿಧಿ ಕಟ್ಟಿದ್ರು. ಮೊದಲು ಸರ್ಕಾರದ ಸಾಲ, ಆಮೇಲೆ ಟೂರ್ ಕಂಪನಿಗಳಿಂದ ಸುಂಕ. ಹಣ ಕಳೆದುಕೊಂಡವರಿಗೆ ಅದರಿಂದ ಪರಿಹಾರ ಸಿಕ್ಕಿತು. ಇವತ್ತು ಅಲ್ಲಿ ಆಟಾಲ್ ಅನ್ನೋ ವ್ಯವಸ್ಥೆಯಲ್ಲಿ ಪ್ರತಿ ಪ್ಯಾಕೇಜ್ ಪ್ರವಾಸಿಗನ ಲೆಕ್ಕದಲ್ಲಿ ಎರಡೂವರೆ ಪೌಂಡ್ ಇಂಥದ್ದೇ ನಿಧಿಗೆ ಹೋಗುತ್ತೆ. 2019ರಲ್ಲಿ ಥಾಮಸ್ ಕುಕ್ ಮುಳುಗಿದಾಗ ಪ್ಯಾಕೇಜ್ ಕೊಂಡವರಿಗೆ ದುಡ್ಡು ವಾಪಸ್ ಬಂದದ್ದು ಈ ವ್ಯವಸ್ಥೆಯಿಂದಲೇ. ಏರ್‌ಲೈನ್‌ನಿಂದ ನೇರವಾಗಿ ಬರೀ ಸೀಟು ಕೊಂಡವರಿಗೆ ಸಾಮಾನ್ಯವಾಗಿ ಈ ರಕ್ಷಣೆ ಇಲ್ಲ. ಲೂಟನ್‌ನದ್ದೇ ಇನ್ನೊಂದು ಕಂಪನಿ ಮೊನಾರ್ಕ್ 2017ರಲ್ಲಿ ಮುಚ್ಚಿದಾಗ ಸುಮಾರು 1 ಲಕ್ಷ 10 ಸಾವಿರ ಜನ ವಿದೇಶದಲ್ಲಿದ್ರು. ಅವರಲ್ಲಿ ಬಹಳಷ್ಟು ಜನ ಬರೀ ಸೀಟು ಕೊಂಡವರೇ. ಎಲ್ಲರನ್ನೂ ಕರೆತರೋಕೆ ಆಗ ಸರ್ಕಾರವೇ ವಿಮಾನಗಳನ್ನ ಬಾಡಿಗೆಗೆ ಹಿಡಿಯಬೇಕಾಯ್ತು.